‘ಸುಧಾರಣೆ’ ಮತ್ತು ಓದುವ ಹಕ್ಕು

ಪ್ರಭುತ್ವ ಪದ ಬದಲಿಸುವುದರಲ್ಲಿ ಜಾಣ. ನಿನ್ನೆ ‘ಬಾಲಾಪರಾಧಿ’ ಅಂದದ್ದನ್ನು 2015ರ ಬಾಲನ್ಯಾಯ ಕಾಯ್ದೆ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅನ್ನುತ್ತದೆ. ಪದವೇನೋ ಒಳ್ಳೆಯದೇ. ಆದರೆ ಶಹಾಬಾದಿನ ಪರ್ಸಿ ಕಲ್ಲು ಒಡೆಯುವವರ, ಚಿಂಚೋಳಿ ತಾಂಡಾಗಳಿಂದ ಗುಳೆ ಹೋಗುವವರ ಮಗನ ಮೇಲೆ ಕೇಸು ಬಿದ್ದಾಗ, ಅವನ ಮೊದಲ ಸಂಘರ್ಷ ಯಾವುದರ ಜೊತೆ? ಕಾನೂನಿನ ಜೊತೆಯೋ, ಹಸಿವಿನ ಜೊತೆಯೋ?

‘ಸುಧಾರಣೆ’ ಅನ್ನೋ ಮಾತಿಗೆ ನಾವು ಬೆಚ್ಚುವುದಕ್ಕೆ ಕಾರಣ ಅದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟನ್ನೇ ಅಪರಾಧ ಮಾಡಿತು. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಕಿತ್ತು ಸುಧಾರಣಾ ವಸತಿಗೆ ಹಾಕಲು ಅಧಿಕಾರ ಕೊಟ್ಟಿತು. ಆ ಕಾಯ್ದೆ 1952ರಲ್ಲಿ ಹೋಯಿತು. ಅದರ ಬುದ್ಧಿ ಹೋಯಿತೇ?

ಈಗಿನ ಕಾಯ್ದೆಯ 53ನೇ ಕಲಂ ವಸತಿಯೊಳಗೆ ಶಿಕ್ಷಣವನ್ನೂ ಕೌಶಲ ತರಬೇತಿಯನ್ನೂ ಕೊಡಬೇಕೆನ್ನುತ್ತದೆ. ಕೌಶಲ ಹೀನವಲ್ಲ. ಆದರೆ ಕೂಲಿಕಾರನ ಮಗನ ಕೈಗೆ ಕತ್ತರಿ ಕೊಟ್ಟು ಪುಸ್ತಕ ಕಸಿದರೆ ಅದು ಶಿಕ್ಷಣವಲ್ಲ, ಹಳೆಯ ವರ್ಣಧರ್ಮದ ಹೊಸ ಪಾಳಿ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನೆರಡು. ಶಾಲೆಯ ವರ್ಷ ಅದಕ್ಕಿಂತ ಉದ್ದ. ಒಳಗೆ ಅರ್ಧ ಕಲಿತ ಪಾಠ ಹೊರಗೆ ಎಲ್ಲಿ ಮುಂದುವರಿಯಬೇಕು? ಪರ್ಯಾಯ ಶಿಕ್ಷಣದ ನಿಜವಾದ ಪರೀಕ್ಷೆ ಇಲ್ಲಿದೆ. ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡಿದು, ಊರ ಶಾಲೆಗೆ ಮುಟ್ಟಿಸುವ ತನಕ ಅದು ಜೊತೆಗೆ ನಡೆಯಬೇಕು.

ಸಾಧನಗಳು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. 14 ದಾಟಿದರೂ ಎಂಟನೇ ತರಗತಿ ಮುಗಿಯುವ ತನಕ ಆ ಹಕ್ಕು ಅದೆ. ಟಿ.ಸಿ. ತಡವಾಯಿತೆಂದು ಸೇರಿಸದೆ ಇರುವಂತಿಲ್ಲ. ಎಂಟರ ಆಚೆ ಈ ಹಕ್ಕಿನ ಆಸರೆ ಇಲ್ಲ. ವೀಕ್ಷಣಾಲಯಕ್ಕೆ ಹೋಗುವ ವಯಸ್ಸೂ ಬಹುಮಟ್ಟಿಗೆ ಅದೇ! ಅಲ್ಲಿ ಮುಕ್ತ ಶಾಲೆಯನ್ನೂ ಎಸ್ಸೆಸ್ಸೆಲ್ಸಿ ಖಾಸಗಿ ಪರೀಕ್ಷೆಯನ್ನೂ ಕೂಲಿಯವನ ಕೈಗೆ ಎಟುಕಿಸುವ ಹೊಣೆ ಸರ್ಕಾರದ್ದು.

ವಸತಿಯೊಳಗೆ ಓದಿದ ಗುರುತು ಪ್ರಮಾಣಪತ್ರದ ಮೇಲೆ ಇರಬಾರದೆಂದು 1990ರಲ್ಲೇ ವಿಶ್ವಸಂಸ್ಥೆಯ ನಿಯಮಗಳು ಹೇಳಿವೆ. ಕೇಸು ಮುಗಿದ ಮೇಲೆ ಪೊಲೀಸರು ನಡತೆ ಪತ್ರಕ್ಕಾಗಿ ಆ ದಾಖಲೆ ಬಿಚ್ಚುವಂತಿಲ್ಲ. ಕಾಗದ ಮರೆತದ್ದನ್ನು ಊರು ಮರೆಯೋದಿಲ್ಲ, ಅದೇ ಕಷ್ಟ.

ಮಾಸ್ತರ ಗೆಳೆಯರೇ, ಸೇಡಂನಲ್ಲಾಗಲಿ, ಚಿತ್ತಾಪುರ, ವಾಡಿಗಳಲ್ಲಾಗಲಿ, ಅಂಥ ಹುಡುಗ ಬಾಗಿಲಿಗೆ ಬಂದರೆ ‘ಇಷ್ಟ ದಿನ ಎಲ್ಲಿದ್ದಿ?’ ಅಂತ ತರಗತಿಯೆದುರು ಕೇಳಬೇಡಿ. ‘ಬಾ, ಕೂಡು’ ಅನ್ನಿ. ಹಾಜರಿ ಪುಸ್ತಕದಲ್ಲಿ ಹೆಸರು ಬರೀರಿ. ಓದು ಯಾರಪ್ಪನ ಮನಿ ಆಸ್ತಿನೂ ಅಲ್ಲ.