ಆ ಬೂಟುಗಳು ಯಾರವು?

ಫ್ರಾನ್ಸಿನ ರಾಜಾಶ್ರಯದ ಕಲಾ ಅಕಾಡೆಮಿಯವರು ಚಿತ್ರಗಳಿಗೂ ಮೇಲು ಕೀಳು ಹಚ್ಚಿದ್ದರು. 17ನೇ ಶತಮಾನದಲ್ಲಿ ಫೆಲಿಬಿಯಾನ್ ಎಂಬಾತ ಇದನ್ನು ಬರೆದೇ ಇಟ್ಟ. ಪುರಾಣ, ಚರಿತ್ರೆ ಬರೆಯುವವನು ತುದಿ ಮೆಟ್ಟಿಲಲ್ಲಿ. ಹೂವು ಹಣ್ಣು ಬರೆಯುವವನು ಬುಡದಲ್ಲಿ. ಮನುಷ್ಯರಿಲ್ಲದೆ ಬರೀ ಸಾಮಾನುಗಳನ್ನೇ ಬರೆಯುವ 'ಸ್ಟಿಲ್ ಲೈಫ್' ಅಂದರೆ ಕಡೇ ಪಂಕ್ತಿ. ಇನ್ನೂರು ವರ್ಷ ಕಳೆದ ಮೇಲೂ ಸೆಜಾನ್, ವ್ಯಾನ್ ಗೋ ಹಟ ಹಿಡಿದು ಕೂತದ್ದು ಈ ಪಂಕ್ತಿಯಲ್ಲೇ.

ಸೆಜಾನ್ ಬ್ಯಾಂಕಿನ ಯಜಮಾನನ ಮಗ. ಹಸಿದವನಿಗೆ ಅವನ ಸೇಬಿನಿಂದ ಏನಾಗಬೇಕು ಅಂತ ನಾನೂ ಬಹಳ ದಿನ ಮೂಗು ಮುರಿದಿದ್ದೆ. ತಪ್ಪು ನನ್ನದೇ. 1899ರ ಸುಮಾರಿನ 'ಸೇಬು ಮತ್ತು ಕಿತ್ತಳೆ' ನೋಡಿ. ಹಣ್ಣು, ಹೂಜಿ, ಬಿಳೀ ಬಟ್ಟೆ, ಎಲ್ಲಕ್ಕೂ ಒಂದೇ ತೂಕ. ಯಾವುದೂ ಯಾರ ಶ್ರೀಮಂತಿಕೆಗೂ ಸಾಕ್ಷಿ ಹೇಳೋದಿಲ್ಲ.

ಆದರೆ ನನ್ನ ತಕರಾರಿರೋದು ಬೂಟುಗಳ ಬಗ್ಗೆ.

1886ರಲ್ಲಿ ವ್ಯಾನ್ ಗೋ ಪ್ಯಾರಿಸ್ಸಿಗೆ ಬಂದವನೇ ಒಂದು ಜೊತೆ ಹಳೇ ಬೂಟು ಬರೆದ. ಸವೆದ ಚರ್ಮ, ಬಿಚ್ಚಿಬಿದ್ದ ದಾರ, ಅಷ್ಟೆ. ಜರ್ಮನಿಯ ತತ್ವಜ್ಞಾನಿ ಹೈಡೆಗರ್ 1935-36ರ ಉಪನ್ಯಾಸಗಳಲ್ಲಿ ಇದನ್ನೆತ್ತಿಕೊಂಡು, ಇವು ರೈತ ಹೆಂಗಸಿನ ಬೂಟು ಅಂದ. ಅವಳ ದಣಿವು, ಹೊಲದ ಗಾಳಿ, ರೊಟ್ಟಿಯ ಚಿಂತೆ, ಭೂಮಿಯ ಮೌನದ ಕರೆ ಎಲ್ಲಾ ಅವನಿಗೆ ಕಂಡವು. ತಮಾಷೆ ಅಂದ್ರೆ, ಬೂಟಿಗೆ ಹೊಲದ ಒಂದು ಹೆಂಟೆ ಮಣ್ಣೂ ಅಂಟಿಲ್ಲ ಅಂತ ಅವನೇ ಒಪ್ಪಿಕೊಳ್ತಾನೆ! ಮತ್ತೆ ಆ ಹೆಂಗಸು ಎಲ್ಲಿಂದ ಬಂದಳು? ಚಿತ್ರದಿಂದಲ್ಲ. 1933ರಲ್ಲೇ ನಾತ್ಸಿ ಪಕ್ಷ ಸೇರಿದ್ದವನು ಅವನು. ಮಣ್ಣು, ನೇಗಿಲು, ಬಾಯಿಲ್ಲದ ರೈತ ಹೆಂಗಸು, ಇವೆಲ್ಲ ಆ ರಾಜಕಾರಣಕ್ಕೆ ಬಲು ಪ್ರಿಯವಾಗಿದ್ದ ಸರಕು. ದುಡಿಯುವವಳನ್ನು ಹೊಗಳುತ್ತಲೇ ಅವಳ ಬಾಯಿ ಹೊಲಿಯುವ ಈ ವಿದ್ಯೆ ನಮಗೇನು ಹೊಸದಲ್ಲ.

ಅಮೆರಿಕದ ಕಲಾ ಇತಿಹಾಸಕಾರ ಮೇಯರ್ ಶಾಪಿರೊ ಸುಮ್ಮನೆ ಬಿಡಲಿಲ್ಲ. ನೀವು ನೋಡಿದ ಚಿತ್ರ ಯಾವುದು ಸ್ವಾಮಿ ಅಂತ ಹೈಡೆಗರನಿಗೆ ಕಾಗದ ಬರೆದೇ ಕೇಳಿದ. ಇವು ರೈತ ಹೆಂಗಸಿನವಲ್ಲ, ಆಗ ಪಟ್ಟಣದಲ್ಲಿದ್ದ ಚಿತ್ರಗಾರನ ಸ್ವಂತ ಬೂಟುಗಳು ಅಂತ 1968ರಲ್ಲಿ ಬರೆದ. ಒಳ್ಳೇ ಏಟು. ಆದ್ರೂ ಪ್ರಶ್ನೆ ಮುಗಿಯೋದಿಲ್ಲ. ವ್ಯಾನ್ ಗೋ ಸಂತೆಯಲ್ಲಿ ಹಳೇ ಬೂಟು ಕೊಂಡು, ಮೆಟ್ಟಿಕೊಂಡು ಕೆಸರಲ್ಲಿ ತಿರುಗಿ ಬಂದು ಬರೆದ ಅಂತ ಜೊತೆಗೆ ಕಲಿತವನೊಬ್ಬ ಹೇಳಿದ್ದಾನೆ. ಅದು ನಿಜವಾದರೆ ಅವನ್ನು ಮೊದಲು ಮೆಟ್ಟಿ, ಸವೆಸಿ, ಮಾರಿದವರು ಇನ್ಯಾರೋ ಇದ್ದರು. ಪಂಡಿತರಿಬ್ಬರ ಜಗಳದಲ್ಲಿ ಅವರಿಲ್ಲ. ಹೊಲಿದವನಂತೂ ಇಲ್ಲವೇ ಇಲ್ಲ. ಮೆಟ್ಟಿದವರು ಬೂಟು ನೋಡಿದರೆ ಮೊದಲು ಹಿಮ್ಮಡಿ ನೋಡ್ತಾರೆ, ಹೊಲಿಗೆ ನೋಡ್ತಾರೆ, ಈ ಮಳೆಗಾಲಕ್ಕೆ ತಡೀತದಾ ಅಂತ ಲೆಕ್ಕ ಹಾಕ್ತಾರೆ. ಭೂಮಿಯ ಕರೆ ಆಮೇಲಿನ ಮಾತು.

ವ್ಯಾನ್ ಗೋ ಕೂಡ ಪಾದ್ರಿಯ ಮಗ, ಬಡವರ ಮನೆಯಲ್ಲಿ ಹುಟ್ಟಿದವನಲ್ಲ. ತಮ್ಮ ತಿಯೋ ಕಳಿಸುವ ದುಡ್ಡಿನಲ್ಲಿ ಬದುಕಿದವನು. ಅದನ್ನವನು ಮುಚ್ಚಿಡೋದಿಲ್ಲ. 1889ರ ಜನವರಿ, ಕಿವಿ ಕೊಯ್ದುಕೊಂಡು ಆಸ್ಪತ್ರೆ ಸೇರಿ ಮನೆಗೆ ಬಂದ ಹೊಸದು. ಆಗ ಬರೆದ ಚಿತ್ರದಲ್ಲಿ ತಟ್ಟೆ ತುಂಬ ಈರುಳ್ಳಿ, ಪೈಪು, ಹೊಗೆಸೊಪ್ಪು, ಉರಿಯುವ ಮೇಣದಬತ್ತಿ, ಜನಸಾಮಾನ್ಯರಿಗಾಗಿ ಬರೆದ ಮನೆಮದ್ದಿನ ಪುಸ್ತಕ, ಮತ್ತೆ ತಮ್ಮನ ಕಾಗದ. ಅದಕ್ಕೆ ಹಿಂದೆ, 1888ರ ಕೊನೆಗೆ, ಎರಡು ಕುರ್ಚಿ ಬರೆದಿದ್ದ. ಗೆಳೆಯ ಗೊಗ್ಯಾನಿಗೆ ಕೈಯಿರುವ ಕುರ್ಚಿ, ಮೇಲೆ ಮೇಣದಬತ್ತಿ, ಪುಸ್ತಕಗಳು. ತನಗೆ ಕೈಯಿಲ್ಲದ, ಹುಲ್ಲು ಹೆಣೆದ ಕುರ್ಚಿ. ಅದರ ಹಿಂದೆ ಮೂಲೆಯಲ್ಲಿ ಮೊಳಕೆಯೊಡೆದ ಈರುಳ್ಳಿಯ ಪೆಟ್ಟಿಗೆ. 'ವಿನ್ಸೆಂಟ್' ಅಂತ ಹೆಸರು ಬರೆದಿರೋದು ಆ ಪೆಟ್ಟಿಗೆಯ ಮೇಲೆ.