‘ಆಪ್ತಸಲಹೆ’ಯಲ್ಲಿ ಆಪ್ತರು ಯಾರು?

ನಮ್ಮ ಗುತ್ತಲದ ಕಡೆ ಜಗಳದಲ್ಲಿ ಮಾತು ಮೀರಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎನ್ನುತ್ತಾರೆ. ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, ಸಂಗೀತವಿದೆ, ಪೇಡೆಯಿದೆ. ಆದರೆ ಈ ಬೈಗುಳದ ಧಾರವಾಡ 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಮಾತ್ರ. ಆಸ್ಪತ್ರೆಯ ಹೆಸರು ಎಷ್ಟೋ ಸಲ ಬದಲಾಯಿತು, ಬೈಗುಳ ಬದಲಾಗಲಿಲ್ಲ.

ಈ ಬೈಗುಳದ ವಿರುದ್ಧ ಕನ್ನಡದಲ್ಲಿ ಹೆಚ್ಚು ದುಡಿದವರು ನಮ್ಮಂಥ ಕತೆಗಾರರಲ್ಲ, ವೈದ್ಯರು. ಅವರಲ್ಲಿ ಹಿರಿಯರು ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ. ಹಾಸ್ಯಪತ್ರಿಕೆ ನಡೆಸಿ ನಾಡನ್ನು ನಗಿಸಿದ ಇವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿ, ಕವನಸಂಕಲನಗಳ ಸಾಲಿನಲ್ಲಿ ಮನಸ್ಸಿನ ಕಾಯಿಲೆಯ ಪುಸ್ತಕವೊಂದು ಬಂದು ಕುಳಿತದ್ದು ಸಣ್ಣ ಮಾತಲ್ಲ. ಅವರ ನಂತರ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬಂದರು. ನೂರಕ್ಕೂ ಹೆಚ್ಚು ಪುಸ್ತಕ ಬರೆದ ಇವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಹಳ್ಳಿಯ ಗ್ರಂಥಾಲಯದ ಬೀರುವಿನಲ್ಲಿ ಹೊಲಿಗೆ ಬಿಚ್ಚಿಹೋಗುವಷ್ಟು ಓದಿಸಿಕೊಂಡ ಪುಸ್ತಕಗಳಲ್ಲಿ ಅವರದೂ ಇರುತ್ತವೆ.

ಚಂದ್ರಶೇಖರ್ ಅವರ ಬರವಣಿಗೆಯಲ್ಲಿ ನಾನು ಮೆಚ್ಚುವುದು ಅದರ ಸಭ್ಯತೆಯನ್ನು. ಅವರು ಯಾರನ್ನೂ ನಗೆಪಾಟಲು ಮಾಡುವುದಿಲ್ಲ. ಮೈಮೇಲೆ ದೇವರೋ ದೆವ್ವವೋ ಬರುವ ಹೆಂಗಸರ ಬಗ್ಗೆ ಕರ್ನಾಟಕದಲ್ಲಿ ಅಧ್ಯಯನ ಮಾಡಿದವರು ಅವರು. ವಿಚಾರವಾದಿಗಳು ‘ನಾಟಕ’ ಎಂದರು, ಮಂತ್ರವಾದಿಗಳು ಬೇವಿನ ಸೊಪ್ಪು ಹಿಡಿದು ಬಡಿದರು. ಇವರು ಮಾತ್ರ ಆ ಹೆಂಗಸಿಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಕಟ ಯಾವುದು ಎಂದು ಕೇಳಿದರು. ಈ ಪ್ರಶ್ನೆ ಕತೆಗಾರನಿಗೆ ಹೊಳೆಯಬೇಕಾದದ್ದು, ವೈದ್ಯರಿಗೆ ಹೊಳೆಯಿತು. ಅದಕ್ಕಾಗಿ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ತಕರಾರೂ ಒಂದಿದೆ. ಅದು ಅವರೊಬ್ಬರ ಮೇಲಲ್ಲ, ಕನ್ನಡದಲ್ಲಿ ಬೆಳೆದ ಈ ಇಡೀ ಸಾಹಿತ್ಯಪ್ರಕಾರದ ಮೇಲೆ. ಇಂಥ ಪುಸ್ತಕಗಳಲ್ಲಿ, ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ ಒಬ್ಬ ರೋಗಿ ಬರುತ್ತಾನೆ, ಒಂದು ಪುಟದಲ್ಲಿ ದುಃಖ ಹೇಳುತ್ತಾನೆ, ಮುಂದಿನ ಪುಟದಲ್ಲಿ ಸಲಹೆ ಸಿಗುತ್ತದೆ, ಮೂರನೆಯದರಲ್ಲಿ ಗುಣವಾಗಿರುತ್ತಾನೆ. ಕಾಲೇಜು ಹುಡುಗನ ಪರೀಕ್ಷೆಯ ಭಯಕ್ಕೆ ಈ ಅಳತೆ ಸಾಲಬಹುದು. ಐವತ್ತು ದಾಟಿದವನ ದುಃಖ ಮೂರು ಪುಟದಲ್ಲಿ ಮುಗಿಯುವುದಿಲ್ಲ.

ದೋಷ ಶಬ್ದದಲ್ಲೇ ಇದೆಯೇನೋ. ಇಂಗ್ಲಿಷಿನ ‘ಕೌನ್ಸೆಲಿಂಗ್’ ಅನ್ನು ನಾವು ‘ಆಪ್ತಸಲಹೆ’ ಮಾಡಿಕೊಂಡೆವು. ‘ಆಪ್ತ’ ಎಂಬುದನ್ನು ಮುಂದಿಟ್ಟವರು ಜಾಣರು. ಆದರೆ ಬಳಕೆಯಲ್ಲಿ ಆಪ್ತ ಕಳಚಿ ಬಿದ್ದು ಸಲಹೆಯೊಂದೇ ಉಳಿಯಿತು. ಅಮೆರಿಕದ ಕಾರ್ಲ್ ರೋಜರ್ಸ್ 1951ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ರೋಗಿ’ ಎಂಬ ಮಾತನ್ನೇ ಬಿಟ್ಟು ‘ಕ್ಲೈಂಟ್’ ಎಂದ. (ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇದಕ್ಕೆ ‘ಗಿರಾಕಿ’ ಎನ್ನಬೇಕಾದೀತು, ಹಾವೇರಿಯ ಕೋರ್ಟಿನಲ್ಲಿ ‘ಕಕ್ಷಿದಾರ’!) ಎದುರಿಗಿರುವವನನ್ನು ಶರತ್ತಿಲ್ಲದೆ ಗೌರವಿಸಬೇಕು, ಅವನ ಒಳಗಿನಿಂದ ನಿಂತು ಅವನ ಲೋಕ ನೋಡಬೇಕು, ತಾನು ಸೋಗು ಹಾಕಬಾರದು, ಇಷ್ಟಿದ್ದರೆ ಬದಲಾವಣೆಯ ದಾರಿ ಅವನಿಗೇ ಸಿಗುತ್ತದೆ ಎಂಬುದು ರೋಜರ್ಸ್‌ನ ನಂಬಿಕೆ. ಉರ್ದುವಿನಲ್ಲಿ ‘ರಹಮ್’ ಬೇರೆ, ‘ಹಮ್‌ದರ್ದಿ’ ಬೇರೆ. ರಹಮ್ ಮೇಲಿನಿಂದ ಕೆಳಕ್ಕೆ ಇಳಿಯುವಂಥದು. ಹಮ್‌ದರ್ದ್ ಎಂದರೆ ಜೊತೆಯಲ್ಲಿ ನೋಯುವವನು. ವಯಸ್ಕನಿಗೆ ‘ಅಯ್ಯೋ ಪಾಪ’ ಎಂದರೆ ಅವನ ಮರ್ಯಾದೆ ಹೋಗುತ್ತದೆ. ಅವನಿಗೆ ಬೇಕಾದದ್ದು ಎರಡನೆಯದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಮಾಮುವಿನಿಂದ ಕಲಿತೆ. ಮೆಣಸಿನಕಾಯಿ ವ್ಯಾಪಾರದಲ್ಲಿ ಪೆಟ್ಟು ತಿಂದು, ಅದೇ ವರ್ಷ ದುಡಿಯುವ ಮಗನನ್ನು ಕಳೆದುಕೊಂಡ ಅವರು ಮಾತು ಬಿಟ್ಟರು. ಎದೆ ಭಾರ ಎನ್ನುತ್ತಿದ್ದರು. ಹೃದಯದ ಪರೀಕ್ಷೆಗಳೆಲ್ಲ ಮುಗಿದು, ಏನೂ ಇಲ್ಲವೆಂದು ತಿಳಿದ ಮೇಲೆ ಅವರನ್ನು ಒಂದು ಆಸ್ಪತ್ರೆಯ ಆಪ್ತಸಲಹೆಗಾರರ ಬಳಿ ಕರೆದೊಯ್ದೆ. ಆತ ಕೆಟ್ಟವರಲ್ಲ. ಧೈರ್ಯವಾಗಿರಿ, ಬೆಳಗ್ಗೆ ವಾಕಿಂಗ್ ಮಾಡಿ, ನಮಾಜು ಬಿಡಬೇಡಿ, ಉಳಿದ ಮಕ್ಕಳ ಮುಖ ನೋಡಿ ಎಂದರು. ಹತ್ತು ನಿಮಿಷವೂ ಆಗಿರಲಿಲ್ಲ. ಹೊರಗೆ ಸಾಲು ದೊಡ್ಡದಿತ್ತು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಅವರನ್ನು ದೂರಿ ಫಲವಿಲ್ಲ. ಬಸ್ಸಿನಲ್ಲಿ ಮಾಮು ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಹೇಳಿದರು: ‘ಯೇ ತೋ ತುಮಾರಿ ಮಾಮಿ ಬೀ ಬೋಲ್ತೀ.’ ಇದನ್ನು ನಿಮ್ಮ ಮಾಮಿಯೂ ಹೇಳುತ್ತಾಳೆ.

ಆ ಮಾತಿಗಿಂತ ಖಾರವಾದ ವಿಮರ್ಶೆಯನ್ನು ಈ ಸಾಹಿತ್ಯದ ಮೇಲೆ ನಾನು ಬರೆಯಲಾರೆ. ಐವತ್ತೆಂಟರ ಮನುಷ್ಯ ಸಲಹೆಗಳನ್ನೆಲ್ಲ ಕೇಳಿಯೇ ಬಂದಿರುತ್ತಾನೆ. ಅವುಗಳಲ್ಲಿ ಎಷ್ಟನ್ನೋ ಅವನೇ ಬೇರೆಯವರಿಗೆ ಹೇಳಿರುತ್ತಾನೆ.

ಹೀಗೆ ಬಸ್ಸಿಳಿದವರು ದರ್ಗಾದ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಏನಾಗಬಹುದು ಎಂಬುದು ನಮಗೆ ತಿಳಿದಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ನಿಷೇಧಿಸಲೇಬೇಕಿತ್ತು. ಆದರೆ ಜನ ಅಲ್ಲಿಗೆ ಏಕೆ ಹೋಗುತ್ತಾರೆ ಎಂಬುದನ್ನು ನಮ್ಮ ಸುಧಾರಕರು ಕೇಳಲಿಲ್ಲ. ದರ್ಗಾದ ಅಂಗಳದಲ್ಲಿ ಚೀಟಿ ಮಾಡಿಸಬೇಕಾಗಿಲ್ಲ. ಹೆಂಡತಿ, ತಾಯಿ ಜೊತೆಗೇ ಇರಬಹುದು. ಗೋಡೆಗೊರಗಿ ಅತ್ತರೆ ‘ಅಳಬೇಡ’ ಎನ್ನುವವರಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ಶುರುವಾದ ‘ದವಾ ಮತ್ತು ದುವಾ’ ಯೋಜನೆ ಇದನ್ನು ಗುರುತಿಸಿತು. ದುವಾ ಮಾಡುವ ಮುಜಾವರರೇ ರೋಗಿಯನ್ನು ಅಲ್ಲಿಯೇ ಇದ್ದ ಮನೋವೈದ್ಯರ ಕಡೆಗೆ ಕಳಿಸಿದರು. ಯಾರೂ ಯಾರನ್ನೂ ಹೀಯಾಳಿಸಬೇಕಾಗಿ ಬರಲಿಲ್ಲ.

ನಮ್ಮ ರಾಜ್ಯದ ದಾರಿ ಬೇರೆಯದು, ಅದನ್ನೂ ಹೇಳಬೇಕು. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ಚಂದ್ರಶೇಖರ್ ಬೆಂಗಳೂರಿನಲ್ಲಿ ಕಟ್ಟಿದ ‘ಸಮಾಧಾನ’ ಕೇಂದ್ರದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಶುಲ್ಕವಿಲ್ಲದೆ ದುಃಖ ಕೇಳುತ್ತಾರೆ. ಪುಸ್ತಕಗಳಿಗಿಂತ ಇದು ಅವರ ದೊಡ್ಡ ಕೃತಿ ಎಂದು ನನ್ನ ಅಭಿಪ್ರಾಯ. ಆ ಪುಸ್ತಕಗಳಲ್ಲಿ ವೈದ್ಯರು ಮಾತಾಡುತ್ತಾರೆ, ‘ಸಮಾಧಾನ’ದಲ್ಲಿ ಬಂದವನು ಮಾತಾಡುತ್ತಾನೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಈಗ ಗುತ್ತಲದಿಂದಲೇ ಕರೆ ಮಾಡಬಹುದು. ಆದರೆ ಮಾಮುವಿನಂಥವರು ಅಪರಿಚಿತರ ಜೊತೆ ಫೋನಿನಲ್ಲಿ ಮಗನ ಹೆಸರು ಎತ್ತಿಯಾರೇ?

ಮಾಮುವನ್ನು ಮತ್ತೊಮ್ಮೆ ಬೇರೊಂದು ಕಡೆ ಕರೆದೊಯ್ದೆ. ಅಲ್ಲಿದ್ದ ಹುಡುಗಿಗೆ ಮೂವತ್ತೂ ಇರಲಿಕ್ಕಿಲ್ಲ. ಮನೆಯಲ್ಲಿ ಯಾವ ಭಾಷೆ ಆಡ್ತೀರಿ ಚಾಚಾ ಎಂದು ಕೇಳಿದಳು. ಅವಳಿಗೆ ನಮ್ಮ ದಖನಿ ಪೂರಾ ಬರುತ್ತಿರಲಿಲ್ಲ. ಆದರೂ ಅದರಲ್ಲೇ ಹೇಳಿ, ತಿಳಿಯದಿದ್ದರೆ ಕೇಳ್ತೀನಿ ಎಂದು ಪೆನ್ನು ಕೆಳಗಿಟ್ಟಳು. ಮಾಮು ಬಹಳ ಹೊತ್ತು ಸುಮ್ಮನಿದ್ದರು. ಅವಳೂ ಸುಮ್ಮನಿದ್ದಳು. ನಾನು ಏನೋ ಹೇಳಲು ಬಾಯಿ ತೆರೆದಾಗ ಅವಳು ಕೈಸನ್ನೆ ಮಾಡಿ ನನ್ನನ್ನು ಹೊರಗೆ ಕೂರಲು ಹೇಳಿದಳು. ಮುಕ್ಕಾಲು ಗಂಟೆಯ ಮೇಲೆ ಹೊರಬಂದ ಮಾಮುವಿನ ಕಣ್ಣು ಕೆಂಪಾಗಿದ್ದವು. ಅವಳು ಏನು ಹೇಳಿದಳು ಎಂದು ದಾರಿಯಲ್ಲಿ ಕೇಳಿದೆ. ಏನೂ ಹೇಳಲಿಲ್ಲ, ಬರುವ ಸೋಮವಾರ ಮತ್ತೆ ಬಾ ಎಂದಳು, ಎಂದರು. ಸೋಮವಾರ ನಾನು ಎದ್ದು ನೋಡಿದರೆ ಮಾಮು ಆಗಲೇ ಟೋಪಿ ಹಾಕಿಕೊಂಡು ಬಾಗಿಲ ಬಳಿ ಕುಳಿತಿದ್ದರು.