ಲೋಮನಾಳದ ನೀರುಗಂಟಿ

ತುಮಕೂರಿನ ಬಟವಾಡಿಯಲ್ಲಿ ಯಾರಿಗೋ ಲಕ್ವ ಹೊಡೆಯಿತು, ಬೆಂಗಳೂರಿಗೆ ಕರೆದೊಯ್ದು ಮೆದುಳಿನ ನಾಳದಲ್ಲಿದ್ದ ಹೆಪ್ಪು ತೆಗೆಸಿದರು ಎನ್ನಿ. ಮಾರನೆಯ ದಿನ ಟೀ ಅಂಗಡಿಯಲ್ಲಿ ತೀರ್ಪು ಸಿದ್ಧ: “ಬ್ಲಾಕ್ ತೆಗೆದ್ರಂತೆ, ಇನ್ನೇನೂ ಭಯ ಇಲ್ಲ ಬಿಡಿ.” ಇದು ಅಂಗಡಿಯಲ್ಲಿ ಹುಟ್ಟಿದ ಮಾತಲ್ಲ. ಸ್ನಾಯುವಿನ ಹೊದಿಕೆಯಿರುವ ಕಿರುಧಮನಿಗಳೇ ಹಿಗ್ಗಿ ಕುಗ್ಗಿ ಹರಿವನ್ನು ಹತೋಟಿಯಲ್ಲಿಡುತ್ತವೆ, ಅವುಗಳ ಮುಂದಿನ ಲೋಮನಾಳಗಳು ಬರೀ ಕೊಳವೆಗಳು ಎಂದು ಪಠ್ಯಪುಸ್ತಕಗಳೇ ಬಹುಕಾಲ ಕಲಿಸಿದವು.

ಅಣೆಕಟ್ಟೆಯ ಎಂಜಿನಿಯರು ಬರೆದ ಶರೀರಶಾಸ್ತ್ರ ಇದು. ಗೊರೂರಿನಲ್ಲಿ ಗೇಟು ಎತ್ತಿದರೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದೀತು. ಕೆರೆಯ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುತ್ತಿದ್ದವನು ಮಾತ್ರ ನೀರುಗಂಟಿ. ಮೆದುಳಿನಲ್ಲಿ ಆ ಕೆಲಸ ಪೆರಿಸೈಟ್ ಕೋಶಗಳದ್ದು. ಲೋಮನಾಳವನ್ನು ಹೊರಗಿನಿಂದ ತಬ್ಬಿಕೊಂಡಿರುವ ಇವು ಕುಗ್ಗಬಲ್ಲವು ಎಂದು ಫ್ರಾನ್ಸಿನ ಶಾರ್ಲ್ ರೂಜೆ 1870ರ ದಶಕದಲ್ಲೇ ಹೇಳಿದ್ದ. ಕಿವಿಗೊಟ್ಟವರು ಕಡಿಮೆ. ನರಕೋಶಗಳು ಚುರುಕಾದಾಗ ಕಿರುಧಮನಿಗಿಂತ ಮೊದಲೇ ಲೋಮನಾಳ ಹಿಗ್ಗುತ್ತದೆಂದು ಲಂಡನ್ನಿನ ಡೇವಿಡ್ ಆಟ್‌ವೆಲ್ ತಂಡ ಇಲಿಗಳಲ್ಲಿ ತೋರಿಸಿದ್ದು 2014ರಲ್ಲಿ.

ಅಲ್ಲಿನ ಇಕ್ಕಟ್ಟು ನೋಡಿ: ಕೆಂಪು ರಕ್ತಕಣದ ಅಗಲ 7–8 ಮೈಕ್ರೋಮೀಟರ್, ಲೋಮನಾಳ ಎಷ್ಟೋ ಕಡೆ ಅದಕ್ಕಿಂತ ಕಿರಿದು. ಕಣ ಮೈ ಮಡಚಿಕೊಂಡೇ ನುಸುಳಬೇಕು. ನಾಳದ ತ್ರಿಜ್ಯ ಶೇ 10ರಷ್ಟು ಕುಗ್ಗಿದರೂ, ಕೊಳವೆಗಳ ಹರಿವಿಗೆ ಪ್ವಾಸೆ ಕೊಟ್ಟ ಸೂತ್ರದಂತೆ, ಹರಿವು ಮೂರರಲ್ಲೊಂದು ಪಾಲು ಇಳಿಯುತ್ತದೆ. ಕಣದ ಗಾತ್ರ ಗಣಿಸಿದರೆ ನಷ್ಟ ಇನ್ನೂ ಹೆಚ್ಚು.

ತಕರಾರು ಇಲ್ಲದಿಲ್ಲ. ಕುಗ್ಗುವುದು ಸ್ನಾಯುಕೋಶಗಳು, ಪೆರಿಸೈಟ್‌ಗಳಲ್ಲ ಎಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವಾದಿಸಿದರು. ಈ ಜಗಳದಲ್ಲಿ ಅರ್ಧ ಹೆಸರಿನದು: ಮೊದಲ ಕವಲುಗಳಲ್ಲಿರುವ ಕೋಶವನ್ನು ಒಬ್ಬರು ಸ್ನಾಯು ಎಂದರೆ ಇನ್ನೊಬ್ಬರು ಪೆರಿಸೈಟ್ ಎನ್ನುತ್ತಾರೆ. ಇನ್ನರ್ಧದಲ್ಲಿ ಹುರುಳಿದೆ. ಒಳಕವಲುಗಳ ಪೆರಿಸೈಟ್‌ಗಳು ನಿಧಾನಿಗಳು, ಒಪ್ಪಿದೆ. ಆದರೆ ಲಕ್ವದಲ್ಲಿ ಕಾಡುವುದು ಆ ನಿಧಾನವೇ. ದೊಡ್ಡ ನಾಳವನ್ನು ಮತ್ತೆ ತೆರೆದ ಮೇಲೂ ಪೆರಿಸೈಟ್‌ಗಳ ಬಿಗಿ ಸಡಿಲದೆ ರಕ್ತಕಣಗಳು ಸಿಕ್ಕಿಕೊಂಡಿದ್ದನ್ನು ಟರ್ಕಿಯ ತುರ್ಗಾಯ್ ದಲ್ಕಾರಾ ತಂಡ 2009ರಲ್ಲೇ ಇಲಿಗಳಲ್ಲಿ ಕಂಡಿತ್ತು. ರಕ್ತ ನಿಂತಾಗ ಪೆರಿಸೈಟ್‌ಗಳು ಕುಗ್ಗಿದ ಸ್ಥಿತಿಯಲ್ಲೇ ಸಾಯುತ್ತವೆ ಎಂಬುದು 2014ರ ಪ್ರಯೋಗ ಸೇರಿಸಿದ ಮಾತು. ತೂಬು ತೆರೆದಿದೆ, ಕಾಲುವೆಯ ಬಾಯಿ ಮುಚ್ಚಿದ ನೀರುಗಂಟಿ ಅಲ್ಲೇ ಸತ್ತುಬಿದ್ದಿದ್ದಾನೆ.

ರಕ್ತ ನಿಂತ ಹೊತ್ತು ಉದ್ದವಾದಷ್ಟೂ ಸಾಯುವ ನೀರುಗಂಟಿಗಳು ಹೆಚ್ಚು. ಹಾಗಾಗಿ ಟೀ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆಯೂ ಏಳಬೇಕಿತ್ತು: ಬಾಯಿ ಸೊಟ್ಟಗಾಗಿದ್ದು ಎಷ್ಟೊತ್ತಿಗೆ, ಬಟವಾಡಿ ಬಿಟ್ಟಿದ್ದು ಎಷ್ಟೊತ್ತಿಗೆ?